ಉಪ್ಪಿನ ಹಾದಿ, ದಂಡಿನ ಹಾದಿ: ಪುತ್ತೂರು, ಸುಳ್ಯ, ಕಡಬ ಸೀಮೆಯ ಮಾರ್ಗಗಳ ಚರಿತ್ರೆ

೧

ಅರಸರ ವಂಶಾವಳಿಯನ್ನು ಶಾಸನಗಳಿಂದಲೂ, ದೇವಸ್ಥಾನಗಳ ಪೂರ್ವೋತ್ತರವನ್ನು ಸ್ಥಳಪುರಾಣಗಳಿಂದಲೂ ತಿಳಿಯುವುದು ವಾಡಿಕೆಯಾಗಿದೆ. ಆದರೆ ಒಂದು ಸೀಮೆಯ ಜನರು ತಲೆಯ ಮೇಲೆ ಏನನ್ನು ಹೊತ್ತರು, ಎಲ್ಲಿಂದ ಎಲ್ಲಿಗೆ ಹೊತ್ತರು, ಯಾರ ಅಪ್ಪಣೆಗೆ ಒಳಗಾಗಿ ಹೊತ್ತರು ಎಂಬುದನ್ನು ಅರಿಯಬೇಕಾದರೆ ಆ ಸೀಮೆಯ ಮಾರ್ಗಗಳನ್ನೇ ಓದಬೇಕು. ಶಾಸನವು ಅರಸನು ಹೇಳಿಸಿದುದನ್ನು ಮಾತ್ರ ಹೇಳುತ್ತದೆ. ಮಾರ್ಗವಾದರೋ ಅದನ್ನು ತುಳಿದವರೆಲ್ಲರ ಹೆಜ್ಜೆಯಿಂದ ಆದುದು.

ಮಾರ್ಗವನ್ನು ಓದುವುದಕ್ಕೆ ತಕ್ಕ ವಾಹನವೂ ಬೇಕು. ಮೋಟಾರಿನಲ್ಲಿ ಕುಳಿತವನಿಗೆ ಏರೂ ಇಳಿತವೂ ಒಂದೇ ಸಮನಾಗಿ ತೋರುವುವು. ಅವನು ಊರುಗಳ ಹೆಸರನ್ನು ಹಲಗೆಯ ಮೇಲೆ ಕಾಣುವನಲ್ಲದೆ ಊರನ್ನು ಕಾಣುವುದಿಲ್ಲ. ಕಾಲ್ನಡಿಗೆಯವನು ಎಲ್ಲವನ್ನೂ ಕಾಣುವನು, ಆದರೆ ಒಂದು ದಿನಕ್ಕೆ ಒಂದು ಮಾಗಣೆಯನ್ನು ದಾಟುವುದೇ ಅವನಿಗೆ ಪ್ರಯಾಸ. ಬೈಸಿಕಲ್ಲಿನವನು ಇವರಿಬ್ಬರ ನಡುವೆ ಇರತಕ್ಕವನು. ಒಂದು ಏರು ಎಷ್ಟು ಕಡಿದೆಂಬುದನ್ನು ಅವನ ಮೊಣಕಾಲು ತಪ್ಪದೆ ಲೆಕ್ಕವಿಡುತ್ತದೆ. ಒಂದೇ ದಿನದಲ್ಲಿ ಹಲವು ಏರುಗಳನ್ನು ಹತ್ತಿಳಿಯುವುದರಿಂದ ಅವುಗಳನ್ನು ಒಂದರೊಡನೊಂದು ಹೋಲಿಸುವುದಕ್ಕೂ ಅವನಿಗೆ ಸಾಧ್ಯವಾಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ದಕ್ಷಿಣ ಕನ್ನಡ ಜಿಲ್ಲೆಯ ಆಗ್ನೇಯ ಭಾಗದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳು ವಿಶೇಷ ಪರಿಶೀಲನೆಗೆ ಯೋಗ್ಯವಾಗಿವೆ. ಪುತ್ತೂರಿನಿಂದ ಹೊರಟು ಉಪ್ಪಿನಂಗಡಿ, ಕಡಬ, ಸುಬ್ರಹ್ಮಣ್ಯ, ಪಂಜ, ಬೆಳ್ಳಾರೆ, ಸುಳ್ಯಗಳನ್ನು ಸುತ್ತಿ, ಜಾಲ್ಸೂರಿನ ಮೇಲಾಗಿ ಪುತ್ತೂರಿಗೇ ಮರಳಿದರೆ ಒಂದುನೂರೈವತ್ತು ಕಿಲೋಮೀಟರುಗಳ ಆಸುಪಾಸಿನ ಒಂದು ವರ್ತುಲವಾಗುತ್ತದೆ. ಈ ವರ್ತುಲದೊಳಗೆ ಸಮತಟ್ಟಾದ ಮೈಲು ಎಂಬುದು ಅಪೂರ್ವ. ಆದರೆ ತೊಡೆಯ ಬಲಕ್ಕಿಂತ ಹೆಚ್ಚಿನದೊಂದನ್ನು ಇದು ಪರೀಕ್ಷಿಸುತ್ತದೆ. ಇಲ್ಲಿಯ ಪ್ರತಿಯೊಂದು ಏರೂ ಒಂದೊಂದು ಕಾಲದ, ಒಂದೊಂದು ಉದ್ದೇಶದ ಗುರುತಾಗಿದೆ.

೨

ಇಂತಹ ಓದುವಿಕೆಯನ್ನು ಒಂದು ಶಿಸ್ತಾಗಿ ಬೆಳೆಸಿದವರು ಫ್ರಾನ್ಸ್ ದೇಶದವರು. ಅಲ್ಲಿ ಬೈಸಿಕಲ್ಲು ಆಟದ ವಸ್ತುವಾಗುವುದಕ್ಕೆ ಮೊದಲೇ ದೇಶದರ್ಶನದ ಸಾಧನವಾಯಿತು. ಸಾಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವೀ (೧೮೫೩–೧೯೩೦) ಎಂಬವನು, 'ವೆಲೋಸಿಯೋ' ಎಂಬ ಲೇಖನನಾಮದಿಂದ ಪ್ರಸಿದ್ಧನಾದವನು, ೧೮೮೭ರಲ್ಲಿ ಬೈಸಿಕಲ್ ಪ್ರವಾಸಕ್ಕೆಂದೇ ಒಂದು ಪತ್ರಿಕೆಯನ್ನು ಆರಂಭಿಸಿದನು. ಗುಡ್ಡಗಾಡಿನಲ್ಲಿ ಒಂದೇ ಗೇರಿನ ಸೈಕಲಿನಿಂದ ಪ್ರಯೋಜನವಿಲ್ಲ, ಏರಿಗೆ ತಕ್ಕಂತೆ ಗೇರನ್ನು ಬದಲಿಸುವ ಉಪಾಯವಿರಬೇಕು ಎಂದು ಅವನು ಜೀವಮಾನವೆಲ್ಲ ವಾದಿಸಿದನು. ಪಂದ್ಯದ ಅಧಿಕಾರಿಗಳಿಗೆ ಇದು ರುಚಿಸಲಿಲ್ಲ. ೧೯೦೩ರಲ್ಲಿ ಪ್ರಾರಂಭವಾದ 'ಟೂರ್ ದ ಫ್ರಾನ್ಸ್' ಪಂದ್ಯದಲ್ಲಿ ಗೇರು ಬದಲಿಸುವ ಯಂತ್ರಕ್ಕೆ ಅನುಮತಿ ದೊರೆತುದು ೧೯೩೭ರಲ್ಲಿ. ಅಷ್ಟರಲ್ಲಿ ಸಾಮಾನ್ಯ ಪ್ರವಾಸಿಗಳು ಅದನ್ನು ಎಷ್ಟೋ ಮೊದಲೇ ಒಪ್ಪಿಕೊಂಡಿದ್ದರು.

೧೮೯೦ರಲ್ಲಿ ಬೈಸಿಕಲ್ಲಿನವರೇ ಸೇರಿ ಕಟ್ಟಿದ 'ಟೂರಿಂಗ್ ಕ್ಲಬ್' ಎಂಬ ಫ್ರೆಂಚ್ ಸಂಘವು ಮಾರ್ಗಗಳ ಪಕ್ಕದಲ್ಲಿ ದಾರಿಗಲ್ಲುಗಳನ್ನೂ ಎಚ್ಚರಿಕೆಯ ಹಲಗೆಗಳನ್ನೂ ನಿಲ್ಲಿಸಿತು. ಊರೂರಿನ ಚರಿತ್ರೆಯನ್ನು ತಿಳಿಸುವ ಕೈಪಿಡಿಗಳನ್ನು ಹೊರಡಿಸಿತು. ಜಿನೀವಾ ಸರೋವರದ ದಡದಿಂದ ಮೆಡಿಟರೇನಿಯನ್ ತೀರದ ನೀಸ್ ಪಟ್ಟಣದವರೆಗೆ ಆಲ್ಪ್ಸ್ ಪರ್ವತಗಳ ಕಣಿವೆಬಾಗಿಲುಗಳನ್ನು ಒಂದರ ಮೇಲೊಂದಾಗಿ ದಾಟುವ ಸುಮಾರು ೭೦೦ ಕಿಲೋಮೀಟರುಗಳ ಮಹಾಮಾರ್ಗವನ್ನು ೧೯೦೯ರಲ್ಲಿ ಯೋಚಿಸಿದುದೂ ಇದೇ ಸಂಘ. ಅದು ಪೂರ್ತಿಯಾದುದು ೧೯೩೭ರಲ್ಲಿ.

ಆದರೆ ಆ ದೇಶದ ಸುಂದರವಾದ ಮಾರ್ಗಗಳೆಲ್ಲ ಪ್ರವಾಸಿಗಳ ಸಂತೋಷಕ್ಕಾಗಿ ಆದುವೆಂದು ತಿಳಿಯಲಾಗದು. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಅರಸರ ಹೆದ್ದಾರಿಗಳನ್ನು ಮಾಡಿದವರು ಕೂಲಿಯಿಲ್ಲದೆ ದುಡಿದ ರೈತರು. ವರ್ಷಕ್ಕೆ ಇಂತಿಷ್ಟು ದಿನ ಮಾರ್ಗದ ಕೆಲಸಕ್ಕೆ ಬರಲೇಬೇಕೆಂಬ ಈ ಬಿಟ್ಟಿಯ ನಿಯಮವನ್ನು ೧೭೩೮ರಲ್ಲಿ ದೇಶಕ್ಕೆಲ್ಲ ಅನ್ವಯಿಸಲಾಯಿತು. ೧೭೭೬ರಲ್ಲಿ ತುರ್ಗೋ ಎಂಬ ಮಂತ್ರಿಯು ಅದನ್ನು ತೆಗೆದುಹಾಕಿದನು. ಅವನ ಅಧಿಕಾರ ಹೋದೊಡನೆ ಅದು ಮರಳಿ ಬಂದಿತು. ಅದೇ ಮಾರ್ಗಗಳ ಮೇಲೆ ಉಪ್ಪಿನ ಸುಂಕದ ಕಾವಲುಗಾರರು ತಿರುಗಾಡುತ್ತಿದ್ದರು. ಕಳ್ಳತನದಿಂದ ಉಪ್ಪನ್ನು ಸಾಗಿಸಿದವರಿಗೆ ಕಠಿನ ಶಿಕ್ಷೆಯಾಗುತ್ತಿತ್ತು. ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ಜನರು ಮೊದಲು ಕಿತ್ತೆಸೆದ ಹೊರೆಗಳಲ್ಲಿ ಈ ಉಪ್ಪಿನ ಸುಂಕವೂ ಒಂದು. ೧೭೯೦ರಲ್ಲಿ ಅದು ರದ್ದಾಯಿತು.

ಸರೋವರದ ದಂಡೆಯ ಆನ್ಸಿಯಂತಹ ಹಳೆಯ ಪಟ್ಟಣವನ್ನು ನೋಡಿದರೂ ಇದೇ ಪಾಠವು ದೊರೆಯುತ್ತದೆ. ಆ ಪಟ್ಟಣವಿರುವ ಸವೋಯ್ ಸೀಮೆಯು ಫ್ರಾನ್ಸಿಗೆ ಸ್ಥಿರವಾಗಿ ಸೇರಿದುದು ೧೮೬೦ರಲ್ಲಿ, ಇಬ್ಬರು ಅರಸರ ನಡುವಣ ಒಪ್ಪಂದದಿಂದ. ಬೆಟ್ಟದ ನಡುವೆ, ಎರಡು ರಾಜ್ಯಗಳ ಎಲ್ಲೆಯ ಮೇಲೆ ಇರತಕ್ಕ ಸೀಮೆಗಳ ಪಾಡೇ ಹಾಗೆ. ಅವುಗಳ ಮಾರ್ಗ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಅವು ಇರುತ್ತವೆ. ಪುತ್ತೂರು, ಸುಳ್ಯ ಸೀಮೆಯ ಚರಿತ್ರೆಯೂ ಇದಕ್ಕೆ ಹೊರತಾದುದಲ್ಲ.

೩

ಈ ಸೀಮೆಯಲ್ಲಿ ಸರೋವರಗಳಿಲ್ಲ, ಹೊಳೆಗಳುಂಟು. ಕುಮಾರಪರ್ವತದ ಕಡೆಯಿಂದ ಇಳಿಯುವ ಕುಮಾರಧಾರೆಯು ಸುಬ್ರಹ್ಮಣ್ಯವನ್ನು ಹಾದು, ದಾರಿಯಲ್ಲಿ ಗುಂಡ್ಯ ಮೊದಲಾದ ಹೊಳೆಗಳನ್ನು ಕೂಡಿಕೊಂಡು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಸೇರುತ್ತದೆ. ಸುಳ್ಯದ ಪಯಸ್ವಿನಿಯಾದರೋ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ, ಜಾಲ್ಸೂರುಗಳ ಮೇಲೆ ಹರಿದು, ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಆದುದರಿಂದ ಪುತ್ತೂರಿನಿಂದ ಸುಳ್ಯಕ್ಕೆ ಹೋಗುವವನು ತನಗೆ ತಿಳಿಯದಂತೆಯೇ ಒಂದು ಜಲವಿಭಾಜಕವನ್ನು ದಾಟುತ್ತಾನೆ. ಒಂದು ಏರಿನ ಈಚೆಗೆ ಬಿದ್ದ ಮಳೆಯ ಹನಿಯು ಮಂಗಳೂರಿಗೂ, ಆಚೆಗೆ ಬಿದ್ದುದು ಕಾಸರಗೋಡಿಗೂ ಹೋಗುತ್ತದೆ. ಸುಳ್ಯದವರ ನಂಟಸ್ತನ, ವ್ಯಾಪಾರಗಳು ಮಂಗಳೂರಿನ ಕಡೆಗೆ ಹರಿದಂತೆಯೇ ಜಾಲ್ಸೂರಿನ ದಾರಿಯಿಂದ ಕಾಸರಗೋಡಿನ ಕಡೆಗೂ ಹರಿಯುವುದಕ್ಕೆ ಈ ನೆಲದ ಇಳಿಜಾರೇ ಮೊದಲ ಕಾರಣ.

ಬಂಡಿಯ ಮಾರ್ಗಗಳು ಆಗುವುದಕ್ಕೆ ಮೊದಲು ಇಲ್ಲಿದ್ದುವು ಕಾಲುದಾರಿಗಳು. ಅವು ಬೈಲಿನ ಕಟ್ಟಪುಣಿಯ ಮೇಲೆ ಹೋಗಿ, ಅಡಕೆಯ ಮರದ ಸಂಕದಿಂದ ತೋಡನ್ನು ದಾಟಿ, ಮುರಕಲ್ಲಿನ ಗುಡ್ಡೆಯನ್ನು ನೆಟ್ಟಗೆ ಹತ್ತಿ, ಮತ್ತೊಂದು ಬೈಲಿಗೆ ನೆಟ್ಟಗೆ ಇಳಿಯುತ್ತಿದ್ದುವು. ಮನುಷ್ಯನಿಗೂ ಹೇರೆತ್ತಿಗೂ ಬಳಸುದಾರಿಗಿಂತ ಕಡಿದಾದ ನೇರದಾರಿಯೇ ಲೇಸು. ಇಂದಿಗೂ ಊರೊಳಗಿನ ಒಂದು ಮಾರ್ಗವು ಏಕಾಏಕಿ ಗೋಡೆಯಂತೆ ಎದ್ದು ನಿಂತಿತೆಂದರೆ, ಅದು ಹಳೆಯ ಕಾಲುದಾರಿಯ ಮೇಲೆ ಡಾಮರು ಹಾಕಿದುದೆಂದು ಬಹುಮಟ್ಟಿಗೆ ಊಹಿಸಬಹುದು. ಅಂತಹ ಕಡೆ ಸೈಕಲಿನವನು ಇಳಿದು ತಳ್ಳಲೇಬೇಕು.

ಆ ಕಾಲುದಾರಿಗಳ ಹಳೆಯ ಭೂಪಟವೆಂದರೆ ತುಳುವಿನ ಪಾಡ್ದನಗಳು. ಕೋಟಿ ಚೆನ್ನಯರೆಂಬ ಅವಳಿ ವೀರರ ಕಥೆಯು ಮೊದಲಿನಿಂದ ಕೊನೆಯವರೆಗೆ ಒಂದು ಪ್ರಯಾಣದ ಕಥೆ. ಪಡುಮಲೆಯ ಬಲ್ಲಾಳನೊಡನೆ ವಿರಸವುಂಟಾಗಿ ಹೊರಟ ಆ ಸಹೋದರರು ಅಕ್ಕನಿದ್ದ ಪಂಜದ ಸೀಮೆಗೆ ಬರುತ್ತಾರೆ. ಅಲ್ಲಿಂದ ಎಣ್ಮೂರಿನ ಬಲ್ಲಾಳನ ಆಶ್ರಯಕ್ಕೆ ಹೋಗುತ್ತಾರೆ. ಎಣ್ಮೂರಿನ ಯುದ್ಧದಲ್ಲಿಯೇ ಅವರ ಕಥೆ ಮುಗಿಯುತ್ತದೆ. ದಾರಿಯಲ್ಲಿ ಸುಂಕದ ಕಟ್ಟೆಯೊಂದರಲ್ಲಿ ಅವರನ್ನು ತಡೆದು ಸುಂಕವನ್ನು ಕೇಳುವ ಪ್ರಸಂಗವುಂಟು. ಕಥೆಯ ಕಾಲವು ಯಾವುದೇ ಆಗಿರಲಿ, ಈ ಪ್ರಸಂಗವು ಒಂದು ಸಂಗತಿಯನ್ನು ನಿಸ್ಸಂದೇಹವಾಗಿ ತಿಳಿಸುತ್ತದೆ. ಈ ಕಾಡಿನ ಕಾಲುದಾರಿಗಳೂ ಯಾರೂ ಕೇಳದ ದಾರಿಗಳಾಗಿರಲಿಲ್ಲ. ಒಬ್ಬ ಬಲ್ಲಾಳನ ಎಲ್ಲೆಯಿಂದ ಮತ್ತೊಬ್ಬನ ಎಲ್ಲೆಗೆ ಕಾಲಿಟ್ಟವನು ಲೆಕ್ಕ ಕೊಡಬೇಕಾಗಿತ್ತು.

ಪಂಜದ ಸುತ್ತಿನ ಕಾಡುದಾರಿಗಳ ನೆನಪನ್ನು ಕನ್ನಡ ಸಾಹಿತ್ಯವೂ ಕಾಪಾಡಿದೆ. ಬಹುಕಾಲ ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರ (೧೯೦೨–೧೯೯೭) 'ಬೆಟ್ಟದ ಜೀವ' ಎಂಬ ೧೯೪೩ರ ಕಾದಂಬರಿಯು, ಸುಬ್ರಹ್ಮಣ್ಯದಿಂದ ಪಂಜಕ್ಕೆ ಹೊರಟು ಕತ್ತಲಲ್ಲಿ ದಾರಿ ತಪ್ಪಿದ ಒಬ್ಬ ಪ್ರಯಾಣಿಕನಿಂದಲೇ ಮೊದಲಾಗುತ್ತದೆ. ಇಂದು ಬೈಸಿಕಲ್ಲಿನವನು ಬೆಳಗ್ಗಿನ ಉಪಾಹಾರಕ್ಕೂ ಮಧ್ಯಾಹ್ನದ ಊಟಕ್ಕೂ ನಡುವೆ ಮುಗಿಸಬಹುದಾದ ದಾರಿಯದು.

೪

ಕಾಲುದಾರಿಗಳನ್ನು ಬಿಟ್ಟು ಪೇಟೆಯ ದಾರಿಗೆ ಬಂದರೆ ಮೊದಲು ಸಿಕ್ಕುವ ಹೆಸರೇ ಬಾಯಿಬಿಟ್ಟು ಮಾತಾಡುತ್ತದೆ. ಉಪ್ಪಿನಂಗಡಿ ಎಂದರೆ ಉಪ್ಪಿನ ಅಂಗಡಿ. ಎರಡು ಹೊಳೆಗಳ ಸಂಗಮದಲ್ಲಿ, ಸಹಸ್ರಲಿಂಗೇಶ್ವರನ ಸನ್ನಿಧಿಯಲ್ಲಿ ಬೆಳೆದ ಪೇಟೆಗೆ ದೇವರ ಹೆಸರು ಬಾರದೆ ಉಪ್ಪಿನ ಹೆಸರು ಬಂದುದು ಯೋಚಿಸತಕ್ಕ ಸಂಗತಿ. ಘಟ್ಟದ ಮೇಲಣವರಿಗೆ ಅಕ್ಕಿಯೂ ಉಂಟು, ಮೆಣಸೂ ಉಂಟು, ದನಕರುಗಳೂ ಉಂಟು; ಉಪ್ಪು ಮಾತ್ರ ಇಲ್ಲ. ಅದು ಕಡಲ ದಂಡೆಯಿಂದಲೇ ಏರಬೇಕು. ಹೀಗೆ ಕರಾವಳಿಯ ಉಪ್ಪು ಮತ್ತು ಒಣಮೀನು ಮೇಲಕ್ಕೂ, ಘಟ್ಟದ ಧಾನ್ಯ ಮತ್ತು ಸಂಬಾರಗಳು ಕೆಳಕ್ಕೂ ಹೋಗಿಬರುವ ವಿನಿಮಯವೇ ಈ ಸೀಮೆಯ ದಾರಿಗಳನ್ನು ಹುಟ್ಟಿಸಿತು.

ಉಪ್ಪಿನಂಗಡಿಯಿಂದ ಕಡಬದ ಮೇಲಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಮಾರ್ಗದಲ್ಲಿ ಈ ವಿನಿಮಯದೊಡನೆ ಯಾತ್ರೆಯೂ ಕೂಡಿಕೊಂಡಿತು. ಚಂಪಾಷಷ್ಠಿಯ ಕಾಲದಲ್ಲಿ ಸುಬ್ರಹ್ಮಣ್ಯಕ್ಕೆ ಬರುವ ಜನರು ದೇವರನ್ನು ಕಾಣುವುದಕ್ಕೆ ಮಾತ್ರ ಬರುತ್ತಿರಲಿಲ್ಲ. ಸಮೀಪದ ಕುಲ್ಕುಂದದಲ್ಲಿ ದನಗಳ ದೊಡ್ಡ ಜಾತ್ರೆ ನೆರೆಯುತ್ತಿತ್ತು. ಘಟ್ಟದ ಮೇಲಿನಿಂದ ಇಳಿದ ಎತ್ತುಗಳನ್ನು ತುಳುನಾಡಿನ ಒಕ್ಕಲಿಗರು ಕೊಂಡುಕೊಳ್ಳುತ್ತಿದ್ದರು. ಕುಲ್ಕುಂದದಿಂದಲೇ ಬಿಸಿಲೆ ಘಟ್ಟದ ದಾರಿಯು ಮೇಲೇರುತ್ತದೆ. ದಟ್ಟವಾದ ಕಾಡಿನ ನಡುವೆ ಸಕಲೇಶಪುರದ ಕಡೆಗೆ ಹೋಗುವ ಈ ದಾರಿಯನ್ನು ಏರುವ ಸೈಕಲಿನವರಿಗೆ, ದನಗಳೂ ಹೇರೆತ್ತುಗಳೂ ತುಳಿದ ಏರು ಎಂದರೇನೆಂಬುದನ್ನು ವಿವರಿಸಬೇಕಾಗಿಲ್ಲ.

ಮಳೆಗಾಲದಲ್ಲಿ ಈ ಎಲ್ಲ ದಾರಿಗಳೂ ಹೊಳೆಗಳ ಅಪ್ಪಣೆಗೆ ಒಳಪಟ್ಟಿದ್ದುವು. ಕಡವಿನ ದೋಣಿಯವನು ಒಪ್ಪಿದರೆ ದಾಟುವುದು, ಇಲ್ಲದಿದ್ದರೆ ಕಾಯುವುದು. ೧೯೨೩ರ ಮಹಾಪ್ರವಾಹದಲ್ಲಿ ನೇತ್ರಾವತಿಯ ದಂಡೆಯ ಪೇಟೆಗಳೆಲ್ಲ ಮುಳುಗಿದುದನ್ನು ಹಿರಿಯರು ಬಹುಕಾಲ ಹೇಳುತ್ತಿದ್ದರು. ಉಪ್ಪಿನಂಗಡಿ ಕಡಬಗಳ ನಡುವೆ ಹೊಸ್ಮಠದಲ್ಲಿ ಗುಂಡ್ಯ ಹೊಳೆಗೆ ಇದ್ದ ತಗ್ಗು ಸೇತುವೆಯು ಈಚಿನ ವರ್ಷಗಳವರೆಗೂ ಮಳೆ ಬಂದಾಗಲೆಲ್ಲ ನೀರಿನಡಿಗೆ ಹೋಗಿ, ಎರಡು ಬದಿಯವರನ್ನೂ ಗಂಟೆಗಟ್ಟಲೆ ನಿಲ್ಲಿಸುತ್ತಿತ್ತು. ಎತ್ತರದ ಹೊಸ ಸೇತುವೆಯಾದ ಮೇಲೆಯೇ ಆ ತಡೆ ತೀರಿತು.

೫

ಉಪ್ಪು ಏರುವ ದಾರಿಯ ಮೇಲೆ ಘಟ್ಟದ ಮೇಲಣ ಅರಸರಿಗೆ ಕಣ್ಣಿರುವುದು ಸಹಜವೇ. ಹಾಲೇರಿ ವಂಶದ ಕೊಡಗಿನ ಅರಸರು ಘಟ್ಟದ ಕೆಳಗಣ ಅಮರ ಸುಳ್ಯದ ಸೀಮೆಯನ್ನು ತಮ್ಮ ಕೈಯಲ್ಲಿಟ್ಟುಕೊಳ್ಳಲು ಹದಿನೆಂಟನೆಯ ಶತಮಾನದುದ್ದಕ್ಕೂ ಪ್ರಯತ್ನಿಸಿದರು. ಇಕ್ಕೇರಿಯ ನಾಯಕರು, ಹೈದರಾಲಿ, ಟೀಪು ಸುಲ್ತಾನ ಇವರ ಬಲಾಬಲಕ್ಕೆ ತಕ್ಕಂತೆ ಆ ಸೀಮೆಯು ಕೈಯಿಂದ ಕೈಗೆ ಹೋಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ತನಗೆ ನೆರವಾಗಿದ್ದ ದೊಡ್ಡ ವೀರರಾಜೇಂದ್ರನಿಗೆ ಕುಂಪಣಿ ಸರಕಾರವು ಪಂಜ, ಬೆಳ್ಳಾರೆ ಮೊದಲಾದ ಸೀಮೆಗಳನ್ನು ಬಿಟ್ಟುಕೊಟ್ಟಿತು. ಹೀಗೆ ಇಂದಿನ ಸುಳ್ಯ ಸೀಮೆಯ ರೈತನು ಮಡಿಕೇರಿಯ ಅರಮನೆಗೆ ತೆರಿಗೆಯನ್ನು ಸಲ್ಲಿಸುತ್ತಿದ್ದನು. ಆ ತೆರಿಗೆಯನ್ನು ಬೆಳೆದ ಬೆಳೆಯ ರೂಪದಲ್ಲಿಯೇ ಕೊಡುವ ಅನುಕೂಲವೂ ಅವನಿಗಿತ್ತು.

೧೮೩೪ರ ಎಪ್ರಿಲಿನಲ್ಲಿ ಕುಂಪಣಿಯ ಸೈನ್ಯವು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು, ಚಿಕ್ಕವೀರರಾಜೇಂದ್ರನು ಪದಚ್ಯುತನಾದನು. ಆ ಯುದ್ಧದ ಒಂದು ವೃತ್ತಾಂತವು ಪ್ರಕೃತ ವಿಷಯಕ್ಕೆ ಬಹಳ ಸಂಬಂಧವುಳ್ಳದ್ದು. ಪೂರ್ವದಿಕ್ಕಿನಿಂದ ಬಂದ ದಳವು ಮಡಿಕೇರಿಯನ್ನು ಸುಲಭವಾಗಿ ಮುಟ್ಟಿತು. ಕರಾವಳಿಯ ಕುಂಬಳೆಯ ಕಡೆಯಿಂದ ಘಟ್ಟವೇರಲು ಹೊರಟ ದಳವಾದರೋ ಈ ಸೀಮೆಯ ಕಾಡಿನೊಳಗೆ ಪ್ರತಿಭಟನೆಗೆ ಸಿಕ್ಕಿ, ನಷ್ಟಪಟ್ಟು, ಹಿಂದೆಗೆಯಿತು. ಊರವರಿಗೆ ಪರಿಚಿತವಾದ ಕಾಲುದಾರಿಗಳು ಪರದೇಶದ ಸೈನ್ಯಕ್ಕೆ ಬಲೆಗಳಾದುವು.

ಕೊಡಗು ಕುಂಪಣಿಗೆ ಸೇರಿದ ಮೇಲೆ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬಿಡಿಸಿ ಕನ್ನಡ ಜಿಲ್ಲೆಗೆ ಸೇರಿಸಲಾಯಿತು. ಕಾಗದದ ಮೇಲೆ ಇದು ಎಲ್ಲೆಯನ್ನು ಬದಲಿಸಿದ ಮಾತು ಮಾತ್ರ. ರೈತನಿಗಾದರೋ ಇದು ಬದುಕಿನ ಕ್ರಮವೇ ಬದಲಾದಂತೆ. ಬೆಳೆಯ ರೂಪದ ತೆರಿಗೆ ಹೋಗಿ ನಗದು ಹಣದ ತೆರಿಗೆ ಬಂದಿತು. ಹಣಕ್ಕಾಗಿ ಅವನು ಬೆಳೆಯನ್ನು ಹೊತ್ತು ಪೇಟೆಗೆ ಇಳಿಯಬೇಕು, ಸಾಹುಕಾರನು ಹೇಳಿದ ಬೆಲೆಗೆ ಮಾರಬೇಕು. ಉಪ್ಪು ಮತ್ತು ಹೊಗೆಸೊಪ್ಪು ಇವೆರಡರಲ್ಲಿಯೂ ಕುಂಪಣಿಯ ಏಕಸ್ವಾಮ್ಯವಿತ್ತು. ಮರಳಿ ಬರುವಾಗ ಅವುಗಳಿಗೆ ಅದು ಕಟ್ಟಿದ ಬೆಲೆಯನ್ನೇ ತೆರಬೇಕು. ಯಾವ ಹಾದಿಯು ತಲೆಮಾರುಗಳಿಂದ ಉಪ್ಪನ್ನು ತಂದಿತ್ತೋ ಅದೇ ಹಾದಿಯು ಈಗ ಮನೆಯ ಅಕ್ಕಿಯನ್ನು ಹೊರಕ್ಕೆಳೆಯತೊಡಗಿತು.

ಇದರ ಪರಿಣಾಮವೇ ೧೮೩೭ರ ದಂಗೆ. ಕೊಡಗಿನ ಹಳೆಯ ಅರಸುಮನೆತನದ ಹೆಸರಿನಲ್ಲಿ, ಕಲ್ಯಾಣಸ್ವಾಮಿಯೆಂದು ಹೇಳಿಕೊಂಡ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು, ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದ ಮುಖಂಡರು ಜನರನ್ನು ಸೇರಿಸಿದರು. ಗೌಡರು, ಕುಡಿಯರು, ಬ್ರಾಹ್ಮಣರು, ಜೈನರು ಮೊದಲಾದವರು ಇದರಲ್ಲಿ ಕೂಡಿದ್ದರು. ಮಾರ್ಚಿ ತಿಂಗಳ ಕೊನೆಯಲ್ಲಿ ಅವರು ಸುಳ್ಯ ಸೀಮೆಯಿಂದ ಹೊರಟು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿಗೆ ಇಳಿದರು. ಮಂಗಳೂರಿನಿಂದ ಪುತ್ತೂರಿನವರೆಗೆ ಬಂದ ಕುಂಪಣಿಯ ತುಕಡಿಯು ಅಲ್ಲಿ ನಿಲ್ಲಲಾರದೆ ಹಿಂದಿರುಗಿತು. ಪಾಣೆಮಂಗಳೂರು, ಬಂಟವಾಳಗಳ ಮೇಲೆ ಸಾಗಿ ದಂಗೆಯವರು ಎಪ್ರಿಲ್ ೫ರಂದು ಮಂಗಳೂರನ್ನು ಹೊಕ್ಕರು. ವಿಟ್ಲದ ಕಡೆಯ ಜನರೂ, ನಂದಾವರದ ಲಕ್ಷ್ಮಪ್ಪ ಬಂಗರಸನೂ ಅವರೊಡನೆ ಸೇರಿದ್ದರು. ಹದಿಮೂರು ದಿನಗಳವರೆಗೆ ಮಂಗಳೂರು ಅವರ ಕೈಯಲ್ಲಿತ್ತೆಂದು ಪ್ರತೀತಿ. ಕಡೆಗೆ ಕಣ್ಣಾನೂರಿನಿಂದ ಕುಂಪಣಿಯ ದಂಡು ಬರಲು ದಂಗೆಯು ಮುರಿಯಿತು. ಪುಟ್ಟಬಸಪ್ಪ, ಬಂಗರಸರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು; ಗುಡ್ಡೆಮನೆ ಅಪ್ಪಯ್ಯನನ್ನು ಅದೇ ವರ್ಷದ ಅಕ್ಟೋಬರ್ ೩೧ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಸುಳ್ಯದಿಂದ ಮಂಗಳೂರಿಗೆ ತೊಂಬತ್ತು ಕಿಲೋಮೀಟರುಗಳಿಗೆ ಸಮೀಪವಾದ ದಾರಿ. ದಂಗೆಯವರಿಗೆ ಅದು ಸುಮಾರು ಒಂದು ವಾರದ ಪ್ರಯಾಣ. ಇಂದಿನ ಬೈಸಿಕಲ್ ಸಂಘಗಳು ಪ್ಯಾರಿಸಿನ 'ಆಡಾಕ್ಸ್' ಸಂಘದ ನಿಯಮಕ್ಕನುಸಾರವಾಗಿ ಭಾರತದಲ್ಲಿಯೂ ನಡೆಸುತ್ತಿರುವ ದೂರಪ್ರಯಾಣಗಳಲ್ಲಿ ೨೦೦ ಕಿಲೋಮೀಟರುಗಳಿಗೆ ಹದಿಮೂರೂವರೆ ಗಂಟೆಗಳ ಅವಧಿ. ಆ ಲೆಕ್ಕದಿಂದ ಈ ದಾರಿಯು ಅರ್ಧ ಹಗಲಿನ ಸವಾರಿ. ಆದರೆ ಭತ್ತದ ಕಣಜವನ್ನೂ ಹೆಂಡಿರುಮಕ್ಕಳನ್ನೂ ಹಿಂದೆ ಬಿಟ್ಟು, ಎಪ್ರಿಲಿನ ಬಿಸಿಲಿನಲ್ಲಿ, ಕತ್ತಿಕೋವಿಗಳನ್ನು ಹೊತ್ತು ಇಳಿದವರ ದಾರಿಯೆಂಬುದನ್ನು ನೆನೆದರೆ ಅದರ ಉದ್ದವು ಬೇರೆಯಾಗಿಯೇ ತೋರುವುದು.

ಈ ದಂಗೆಗೆ ಬಹುಕಾಲ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ' ಎಂಬುದು. ಕಾಟಕಾಯಿ ಎಂದರೆ ಸುಲಿಗೆ, ಉಪದ್ರವ. ಕುಂಪಣಿಯ ಕಾಗದಪತ್ರಗಳೂ ಇದನ್ನು ದರೋಡೆಕೋರರ ಹಾವಳಿಯಂತೆ ನೋಡಿದುವು. ೧೮೩೬ರ ಕೊನೆಗೆ ಮಂಗಳೂರಿಗೆ ಬಂದು, ೧೮೪೩ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗನು ೧೮೫೫ರ ತನ್ನ ಕೊಡಗಿನ ವೃತ್ತಾಂತದಲ್ಲಿ ಈ ಸಂಗತಿಗಳನ್ನು ವಿಸ್ತಾರವಾಗಿ ಬರೆದನು. ಬಿಸಿಲೆ ಘಟ್ಟದ ಬುಡದ ಕುಲ್ಕುಂದದಲ್ಲಿ ಹುಟ್ಟಿದ ನಿರಂಜನರು ಇದನ್ನೇ ವಸ್ತುವಾಗಿಟ್ಟುಕೊಂಡು 'ಕಲ್ಯಾಣಸ್ವಾಮಿ' ಎಂಬ ಕಾದಂಬರಿಯನ್ನು ರಚಿಸಿ, ಜನರ ಕಣ್ಣಿಗೆ ಅದನ್ನು ಸ್ವಾತಂತ್ರ್ಯದ ಹೋರಾಟವಾಗಿ ತೋರಿಸಿದರು. ಎರಡು ಹೆಸರುಗಳಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಹಾದಿಯ ಪಕ್ಕದ ಪೇಟೆಯವನು ಅಂಗಡಿಯನ್ನು ಕಳೆದುಕೊಂಡು ಕಾಟಕಾಯಿ ಎಂದನು. ಹಾದಿಯ ತುದಿಯ ರೈತನು ತೆರಿಗೆಯನ್ನು ತಾಳಲಾರದೆ ಕೋವಿಯನ್ನು ಎತ್ತಿಕೊಂಡನು. ಇವರಿಬ್ಬರನ್ನೂ ಕಾಣಬೇಕಾದರೆ ಹಾದಿಯುದ್ದಕ್ಕೂ ಹೋಗಬೇಕು. ಒಂದು ತುದಿಯಲ್ಲಿ ನಿಂತರೆ ಸಾಲದು.

೬

೧೮೩೪ ಮತ್ತು ೧೮೩೭ರ ಅನುಭವಗಳಿಂದ ಸರಕಾರವು ಒಂದು ಪಾಠವನ್ನು ಕಲಿಯಿತು. ಕಾಲುದಾರಿಗಳ ಸೀಮೆಯನ್ನು ಆಳುವುದು ಕಷ್ಟ; ಬಂಡಿಯೂ ಫಿರಂಗಿಯೂ ಹೋಗತಕ್ಕ ಮಾರ್ಗವಿದ್ದರೆ ಸುಲಭ. ದಂಗೆಯ ಬಳಿಕ ಪುತ್ತೂರಿನಲ್ಲಿ ಕೆಲವು ಕಾಲ ದಂಡು ನೆಲಸಿತ್ತು. ಮಂಗಳೂರಿನಿಂದ ಪುತ್ತೂರು, ಸುಳ್ಯ, ಸಂಪಾಜೆಗಳ ಮೇಲೆ ಮಡಿಕೇರಿಗೆ ಹೋಗುವ ಮಾರ್ಗವು ಕ್ರಮೇಣ ಬಂಡಿಯ ಮಾರ್ಗವಾಯಿತು. ಕಾಫಿಯ ತೋಟಗಳು ಬೆಳೆದಂತೆ ಅದೇ ಮಾರ್ಗವು ಕಾಫಿಯನ್ನು ಬಂದರಕ್ಕೆ ಇಳಿಸಿತು.

ಈ ಮಾರ್ಗದ ಏರನ್ನು ಬಿಸಿಲೆಯ ಏರಿನೊಡನೆ ಹೋಲಿಸಿದರೆ ಉದ್ದೇಶದ ಭೇದವು ಸ್ಪಷ್ಟವಾಗುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು ೩೦ ಕಿಲೋಮೀಟರುಗಳಲ್ಲಿ ಸಾವಿರ ಮೀಟರಿನ ಆಸುಪಾಸು ಏರಬೇಕು. ಆದರೆ ಆ ಏರು ಒಂದೇ ಕಡೆ ರಾಶಿಯಾಗದೆ ತಿರುವುತಿರುವುಗಳಲ್ಲಿ ಹಂಚಿಹೋಗಿದೆ. ಎತ್ತಿನ ನೊಗಕ್ಕೆ ತಾಳುವ ಏರಿದು. ಆದುದರಿಂದಲೇ ಸೈಕಲಿನವನ ಉಸಿರಿಗೂ ತಾಳುತ್ತದೆ. ರೈಲಿನ ಎಂಜಿನಿಗೆ ಇಷ್ಟೂ ಸಹಿಸದು. ೧೯೭೯ರಲ್ಲಿ ತೆರೆದ ಹಾಸನ ಮಂಗಳೂರು ರೈಲುದಾರಿಯು ಸಕಲೇಶಪುರದಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ೫೫ ಕಿಲೋಮೀಟರುಗಳಲ್ಲಿ ಐವತ್ತಕ್ಕೂ ಮಿಕ್ಕ ಸುರಂಗಗಳನ್ನೂ ನೂರಕ್ಕೂ ಮಿಕ್ಕ ಸೇತುವೆಗಳನ್ನೂ ದಾಟುತ್ತದೆ; ಆದರೂ ಐವತ್ತು ಅಡಿಗೆ ಒಂದು ಅಡಿಗಿಂತ ಹೆಚ್ಚಾಗಿ ಅದು ಏರುವುದಿಲ್ಲ. ಹೀಗೆ ತಲೆಹೊರೆಯ ದಾರಿ ನೆಟ್ಟಗೆ, ಬಂಡಿಯ ಮಾರ್ಗ ಬಳಸಿಕೊಂಡು, ರೈಲು ಬೆಟ್ಟದೊಳಗೆ ತೂರಿಕೊಂಡು ಹೋಗುತ್ತವೆ. ಇವು ಒಂದೇ ಘಟ್ಟವನ್ನು ಮೂರು ಕಾಲಗಳು ಏರಿದ ಮೂರು ಬಗೆಗಳು.

ನಾಲ್ಕನೆಯದು ಇಂದಿನ ಮೋಟಾರಿನ ಹೆದ್ದಾರಿ. ಅದು ಬೆಟ್ಟವನ್ನು ಬಳಸುವುದೂ ಇಲ್ಲ, ತೂರುವುದೂ ಇಲ್ಲ. ದರೆಯನ್ನು ಕಡಿದು ಅಗಲ ಮಾಡಿಕೊಳ್ಳುತ್ತದೆ. ಈ ಸೀಮೆಯ ಇಂದಿನ ಜೀವನಕ್ಕೆ ಅದು ಬೇಕಾದುದೆಂಬುದರಲ್ಲಿ ಸಂದೇಹವಿಲ್ಲ. ಅಡಕೆ, ರಬ್ಬರು, ಕೊಕ್ಕೋಗಳು ಆ ಮಾರ್ಗದಲ್ಲಿಯೇ ಹೋಗಬೇಕು. ೧೯೭೩ರಲ್ಲಿ ಬೆಳೆಗಾರರೇ ಕಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಘವು ೧೯೮೬ರಲ್ಲಿ ಪುತ್ತೂರಿನಲ್ಲಿ ಸ್ಥಾಪಿಸಿದ ಚಾಕೊಲೇಟಿನ ಕಾರ್ಖಾನೆಯು ಮಾರ್ಗವಿಲ್ಲದೆ ನಡೆಯುವಂತಹದಲ್ಲ. ರೋಗಿಯನ್ನು ಮಂಗಳೂರಿಗೆ ಒಯ್ಯುವವನಿಗೆ ಹಳೆಯ ತಿರುವುಗಳ ಸೊಬಗು ಬೇಕಾಗಿಲ್ಲ. ಆದರೆ ೨೦೧೮ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತ ಬೆಟ್ಟವೇ ಕುಸಿದು ಜನರು ಮಡಿದರು. ಸಂಪಾಜೆ ಮಡಿಕೇರಿ ಮಾರ್ಗವು ಕಡಿದುಹೋಯಿತು. ಶಿರಾಡಿ ಘಟ್ಟದಲ್ಲಿಯೂ ರೈಲುದಾರಿಯಲ್ಲಿಯೂ ಸಂಚಾರವು ನಿಂತಿತು. ಮಹಾವೃಷ್ಟಿಯೇ ಅದಕ್ಕೆ ಮುಖ್ಯ ಕಾರಣವಾದರೂ, ಎಲ್ಲೆಂದರಲ್ಲಿ ಕಡಿದ ಇಳಿಜಾರು ನೀರನ್ನು ತಡೆಯಲಾರದೆಂಬುದು ಆಗ ಎಲ್ಲರ ಅರಿವಿಗೆ ಬಂದಿತು. ಹಳೆಯ ದಾರಿಗಳು ಹೊಳೆಯ ಅಪ್ಪಣೆಯನ್ನು ಕೇಳಿದಂತೆಯೇ ಹೊಸ ಮಾರ್ಗಗಳು ಬೆಟ್ಟದ ಅಪ್ಪಣೆಯನ್ನು ಕೇಳಬೇಕಾಗಿದೆ.

೭

ದರೆಯೊಡನೆ ಬೇರೊಂದು ವಸ್ತುವೂ ಕುಸಿಯುತ್ತದೆ. ಮಾರ್ಗವನ್ನು ಅಗಲ ಮಾಡುವಾಗ ಮೊದಲು ಹೋಗುವುವು ಹಳೆಯ ಸಾಲುಮರಗಳು, ಮೈಲುಗಲ್ಲುಗಳು, ಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಕಟ್ಟೆಗಳು. ಅವುಗಳ ಮೇಲೆ ಲಿಪಿಯಿಲ್ಲದುದರಿಂದ ಅವುಗಳನ್ನು ಶಾಸನಗಳೆಂದು ಯಾರೂ ಎಣಿಸುವುದಿಲ್ಲ. ಆದರೆ ಹೊರೆ ಹೊತ್ತವರು ಬಿಟ್ಟುಹೋದ ಶಾಸನಗಳು ಅವೇ. ಮಂಗಳೂರಿನ ಬಾವುಟಗುಡ್ಡೆಯಲ್ಲಿ ೨೦೨೨ರಲ್ಲಿ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯನ್ನು ಸ್ಥಾಪಿಸಿದುದು ಉಚಿತವೇ ಆಯಿತು. ಅದು ದಾರಿಯ ಕೊನೆಯ ಗುರುತು. ನಡುವಣ ತೊಂಬತ್ತು ಕಿಲೋಮೀಟರುಗಳು ಇನ್ನೂ ದಾರಿಹೋಕನೊಡನೆ ಮಾತಾಡಬೇಕಾಗಿದೆ.

ಇದಕ್ಕೆ ಬಹಳ ದ್ರವ್ಯವು ಬೇಕಾಗದು. ಫ್ರಾನ್ಸಿನ ಸೈಕಲ್ ಸಂಘವು ಮಾಡಿದಂತೆ ಪ್ರತಿ ಪೇಟೆಯಲ್ಲಿ ಒಂದು ಕಲ್ಲು, ಅದರ ಮೇಲೆ ನಾಲ್ಕು ಸಾಲು ಇದ್ದರೆ ಸಾಕು. ಉಪ್ಪಿನಂಗಡಿಯಲ್ಲಿ ಉಪ್ಪಿನ ಮಾತು, ಕುಲ್ಕುಂದದಲ್ಲಿ ದನದ ಜಾತ್ರೆಯ ಮಾತು, ಪಂಜ ಎಣ್ಮೂರುಗಳಲ್ಲಿ ಕೋಟಿ ಚೆನ್ನಯರ ದಾರಿಯ ಮಾತು, ಬೆಳ್ಳಾರೆಯಲ್ಲಿ ಖಜಾನೆಯ ಮಾತು, ಸುಳ್ಯದಲ್ಲಿ ತೆರಿಗೆಯ ಮಾತು ಇರಲಿ. ಮೂರು ತಾಲೂಕುಗಳ ಶಾಲೆಗಳ ಮಕ್ಕಳು ತಮ್ಮ ತಮ್ಮ ಊರಿನ ಹಳೆಯ ಕಾಲುದಾರಿ, ಕಡವು, ಸಂಕ, ಕಟ್ಟೆಗಳ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡರೆ, ಒಂದೇ ವರ್ಷದೊಳಗೆ ಯಾವ ಪ್ರಾಚ್ಯ ಸಂಗ್ರಹಾಲಯದಲ್ಲಿಯೂ ದೊರೆಯದ ಭೂಪಟವೊಂದು ಸಿದ್ಧವಾಗುವುದು. ಆ ಹೆಸರುಗಳನ್ನು ಬಲ್ಲ ತಲೆಮಾರು ಇನ್ನೂ ಜಗಲಿಯ ಮೇಲೆ ಕುಳಿತಿರುವಾಗಲೇ ಈ ಕೆಲಸವು ಆಗಬೇಕು.

ಮಾಡಿದವರು ಯಾರು, ಹೊತ್ತವರು ಯಾರು ಎಂಬುದನ್ನು ಮರೆತ ಮಾರ್ಗವು ದೂರವನ್ನು ಕಳೆಯುವ ಸಾಧನ ಮಾತ್ರವಾಗುತ್ತದೆ. ಅದನ್ನು ಬಲ್ಲವನು ಏರಿನಲ್ಲಿ ಸೈಕಲಿನಿಂದಿಳಿದು ತಳ್ಳಬೇಕಾಗಿ ಬಂದರೂ ನಾಚಬೇಕಾಗಿಲ್ಲ. ತಲೆಯ ಮೇಲೆ ಉಪ್ಪಿನ ಮೂಟೆಯನ್ನು ಹೊತ್ತವರು ಅದೇ ಏರನ್ನು ನಡೆದೇ ಹತ್ತಿದರು.